ಹತ್ತೊಂಬತ್ತು ಕಾಳು

೧೧ ಫೆಬ್ರವರಿ

ಬೀಜ ಭಂಡಾರದ ಮೇಲ್ವಿಚಾರಕರಿಗೆ,

ನಮಸ್ಕಾರ. ನಾನು ಬಟ್ಟೆ ಹೊಲಿಯುವವಳು, ಬೀದಿಯವರ ಬಾಯಲ್ಲಿ ಟೈಲರಮ್ಮ. ನಿಜಕ್ಕೂ ನಿಮಗೆ ಬರೆಯಬೇಕಾದವರು ನಮ್ಮ ಅತ್ತೆ. ಅವರಿಗೆ ಎಂಬತ್ತಾರು ವರ್ಷ, ಕಣ್ಣು ಮಂಜಾಗಿದೆ. ಆದ್ದರಿಂದ ಅವರು ಪಕ್ಕದಲ್ಲಿ ಕೂತು ಹೇಳುತ್ತಾರೆ, ನಾನು ಬರೆಯುತ್ತೇನೆ. ಹೇಳಿದ್ದೆಲ್ಲ ಬರೆದರೆ ಲಕೋಟೆ ಒಡೆದೀತೆಂದು ಅರ್ಧ ಬಿಡುತ್ತಿದ್ದೇನೆ.

ಎಂಬತ್ತೊಂದು ವರ್ಷದ ಹಿಂದೆ, ಜನ ಮನೆ ಬಿಟ್ಟು ಸಿಕ್ಕ ಸಿಕ್ಕ ರೈಲು ಹತ್ತಿ ಓಡುತ್ತಿದ್ದಾಗ, ಐದು ವರ್ಷದ ಒಂದು ಹುಡುಗಿ ಇಲ್ಲಿಯ ನಿಲ್ದಾಣದಲ್ಲಿ ಒಬ್ಬಳೇ ಉಳಿದುಬಿಟ್ಟಳು. ತನ್ನ ಹೆಸರು ಬಿಟ್ಟರೆ ಬೇರೇನೂ ಹೇಳಲು ಬರುತ್ತಿರಲಿಲ್ಲ. ನಿಲ್ದಾಣದಲ್ಲಿ ದೀಪ ಹಚ್ಚುವವನ ಹೆಂಡತಿ ಮನೆಗೆ ಕರೆದುಕೊಂಡು ಹೋಗಿ, ಸ್ನಾನ ಮಾಡಿಸಲು ಫ್ರಾಕು ತೆಗೆದಾಗ ಅದರ ಅಂಚಿನ ಮಡಿಕೆಯಲ್ಲಿ ಏನೋ ಗಟ್ಟಿಯಾಗಿ ಕೈಗೆ ತಗುಲಿತಂತೆ. ಹೊಲಿಗೆ ಬಿಚ್ಚಿದರೆ ಬೀನ್ಸ್ ಕಾಳು. ಹತ್ತೊಂಬತ್ತು. ಒಂದಕ್ಕೊಂದು ತಾಗದಂತೆ ನಡುನಡುವೆ ಹೊಲಿಗೆ ಹಾಕಿದ್ದರಂತೆ. ಆ ಹುಡುಗಿಯೇ ನಮ್ಮ ಅತ್ತೆ.

ಆ ಕಾಳನ್ನು ಬಿತ್ತಿ ಬೆಳೆದರು. ಅಂದಿನಿಂದ ಒಂದು ವರ್ಷವೂ ತಪ್ಪಿಸಿಲ್ಲ. ಈಗ ಡಾಕ್ಟರು, ಮುಂದಿನ ಬೇಸಿಗೆಯ ಹೊತ್ತಿಗೆ ಕಣ್ಣು ಪೂರ್ತಿ ಹೋಗಬಹುದು ಅಂದಿದ್ದಾರೆ. ಅದಕ್ಕೆ ಅತ್ತೆ, "ಕಣ್ಣು ಹೋಗೋದು ಹೋಗ್ಲಿ. ಅದಕ್ಕೂ ಮುಂಚೆ ಈ ಕಾಳು ಯಾವ ಊರಿಂದು ಅಂತ ಆ ಬೀಜದವರನ್ನ ಕೇಳು. ಅದರ ಊರು ಗೊತ್ತಾದ್ರೆ ನಂದೂ ಗೊತ್ತಾಗತ್ತೆ" ಅಂದರು.

ಅವರಿಗೆ ಇನ್ನೊಂದು ಅಭ್ಯಾಸವಿದೆ. ಯಾವ ಮೆಟ್ಟಿಲು ಹತ್ತಿದರೂ ಬಾಯಲ್ಲೇ ಎಣಿಸುತ್ತಾರೆ. ಹತ್ತೊಂಬತ್ತಕ್ಕೆ ನಿಂತು ಮತ್ತೆ ಒಂದರಿಂದ ಶುರು. ಕಣ್ಣಾಸ್ಪತ್ರೆಯ ನಲವತ್ತು ಮೆಟ್ಟಿಲಲ್ಲಿ ಎರಡು ಸಲ ನಿಂತು ಹಿಂದಿನವರ ಕೈಯಲ್ಲಿ ಬೈಸಿಕೊಂಡೆವು. ಕಾಳಿನ ಲೆಕ್ಕ ನಾಲಿಗೆಗೆ ಅಂಟಿಕೊಂಡಿದೆ ಎಂದು ನಾವು ನಗುತ್ತೇವೆ.

ಜೊತೆಗೆ ನೂರು ಕಾಳು ಇಟ್ಟಿದ್ದೇನೆ. ಬಚ್ಚಲ ಹಿಂದಿನ ಬಳ್ಳಿಯದನ್ನೇ ಕಳಿಸಬೇಕೆಂದು ಅತ್ತೆಯ ಹಟ. ಅವು ಸಣ್ಣಗೆ, ಸುಕ್ಕಾಗಿವೆ. ಕಚೇರಿಗೆ ಹೋಗುವ ಕಾಳು ನೋಡಲು ಚೆನ್ನಾಗಿರಲಿ ಎಂದು ಅಡುಗೆಮನೆಯ ಡಬ್ಬಿಯಿಂದ ದಪ್ಪನೆಯವನ್ನು ಆರಿಸಿದ್ದೇನೆ. ಈ ಸಾಲನ್ನು ಅವರಿಗೆ ಓದಿ ಹೇಳುವುದಿಲ್ಲ.

ಟೈಲರಮ್ಮ


೨೬ ಫೆಬ್ರವರಿ

ಟೈಲರಮ್ಮನವರಿಗೆ,

ನಿಮ್ಮ ನೂರು ಕಾಳು ತಲುಪಿದವು. ಎಣಿಸಿದೆ, ನೂರಾ ಎರಡಿವೆ. ಅಳತೆಗಿಂತ ಸ್ವಲ್ಪ ಹೆಚ್ಚು ಬಟ್ಟೆ ಬಿಡುವ ಟೈಲರ್ ಇರಬೇಕು ನೀವು.

ಮೊದಲೇ ಹೇಳಿಬಿಡುತ್ತೇನೆ. ಇಲ್ಲಿಗೆ "ನಮ್ಮಜ್ಜಿಯ ಕಾಲದ ಕಾಳು" ಎಂದು ಬರುವ ಹತ್ತರಲ್ಲಿ ಒಂಬತ್ತು, ಅಂಗಡಿಯ ಕಾಳೇ ಆಗಿರುತ್ತವೆ. ಜನ ಸುಳ್ಳು ಹೇಳುವುದಿಲ್ಲ, ಮರೆಯುತ್ತಾರೆ. ನಾನು ಮೂವತ್ತೊಂದು ವರ್ಷದಿಂದ ಈ ತಣ್ಣನೆಯ ಕೋಣೆಯಲ್ಲಿ, ಸುಡುಬೇಸಿಗೆಯಲ್ಲೂ ಸ್ವೆಟರು ಹಾಕಿಕೊಂಡು ಕೂತು ಇದನ್ನೇ ನೋಡಿದ್ದೇನೆ.

ಕೆಲಸ ಹೀಗೆ. ನಿಮ್ಮ ಕಾಳನ್ನು ಗಾಜಿನ ಮನೆಯಲ್ಲಿ ಬಿತ್ತುತ್ತೇವೆ. ಎಲೆ, ಹೂ, ಕಾಯಿ ಎಲ್ಲ ಅಳೆದು ಬರೆದುಕೊಳ್ಳುತ್ತೇವೆ. ಎಲೆಯ ಚೂರನ್ನು ಪ್ರಯೋಗಾಲಯಕ್ಕೆ ಕೊಟ್ಟು ನಮ್ಮಲ್ಲಿರುವ ಸಾವಿರಾರು ತಳಿಗಳ ಪಕ್ಕ ಇಟ್ಟು ನೋಡುತ್ತೇವೆ. ನಾಲ್ಕು ತಿಂಗಳು ಬೇಕು.

ಅಷ್ಟರಲ್ಲಿ ಇವಕ್ಕೆ ಉತ್ತರ ಬರೆಯಿರಿ. ಒಂದು, ಹೂವಿನ ಬಣ್ಣ ಏನು? ಎರಡು, ಬಳ್ಳಿ ಎಷ್ಟೆತ್ತರ? ಮೂರು, ಬಿತ್ತುವುದು ಯಾವಾಗ, ಕೀಳುವುದು ಯಾವಾಗ? ನಾಲ್ಕು, ಬೀಜ ಆರಿಸುವವರು ಯಾರು? ಐದು, ಹೇಗೆ ಕಾಪಿಡುತ್ತೀರಿ? ಆರು, ಇಷ್ಟು ವರ್ಷಗಳಲ್ಲಿ ಯಾವತ್ತಾದರೂ ಬೀಜ ಕೆಟ್ಟು ಹೊರಗಿನಿಂದ ತಂದದ್ದುಂಟೇ?

ಮೇಲ್ವಿಚಾರಕ


೯ ಮಾರ್ಚ್

ಮೇಲ್ವಿಚಾರಕರಿಗೆ,

ಹೂ ಬಿಳಿ. ಬಳ್ಳಿ ನನ್ನ ತಲೆಗಿಂತ ಒಂದು ಮೊಳ ಮೇಲೆ. ಮೊದಲ ಮಳೆಗೆ ಬಿತ್ತುತ್ತೇವೆ, ಮೂರೂವರೆ ತಿಂಗಳಿಗೆ ಕೀಳುತ್ತೇವೆ. ಹಿತ್ತಲು ಅತ್ತೆಯ ರಾಜ್ಯ. ನಾನು ಮುಂದಿನ ಕೋಣೆಯಲ್ಲಿ ಮಷಿನ್ನಿನ ಮುಂದೆ ಕೂತರೆ ಎದ್ದೇಳುವುದು ಊಟಕ್ಕೇ.

ಬೀಜ ಆರಿಸುವುದು ಅತ್ತೆಯೇ. ಬೇರೆಯವರ ಕೈ ಮೇಲೆ ಅವರಿಗೆ ನಂಬಿಕೆ ಕಡಿಮೆ. ಅರ್ಧ ಬೀದಿ ನಾನು ಹೊಲಿದದ್ದನ್ನು ಹಾಕಿಕೊಂಡು ಓಡಾಡುತ್ತದೆ. ಅತ್ತೆ ಮಾತ್ರ ಪೆಟ್ಟಿಗೆಯಲ್ಲಿರುವ ತಮ್ಮ ಒಂದು ಒಳ್ಳೆಯ ಲಂಗದ ಅಂಚನ್ನು ನನಗೆ ಮುಟ್ಟಗೊಡುವುದಿಲ್ಲ. ವರ್ಷಕ್ಕೊಮ್ಮೆ ತಾವೇ ಬಿಚ್ಚಿ, ತಾವೇ ಸೂಜಿ ಹಿಡಿದು ಹೊಲಿಯುತ್ತಾರೆ. ಕೇಳಿದರೆ "ನಿನ್ನ ಮಷಿನ್ನಿಗೆ ಅವಸರ ಜಾಸ್ತಿ" ಅನ್ನುತ್ತಾರೆ. ಮೂವತ್ತೊಂಬತ್ತು ವರ್ಷದಿಂದ ಈ ಮಾತು ಕೇಳಿಕೊಂಡು ಬಂದಿದ್ದೇನೆ.

ಕಾಪಿಡುವುದು ಹೀಗೆ: ಬಿಸಿಲಲ್ಲಿ ಒಣಗಿಸಿ, ನೆರಳಲ್ಲಿ ಆರಿಸಿ, ಬೂದಿ ಬೆರೆಸಿ ಡಬ್ಬಿಗೆ ತುಂಬುತ್ತೇವೆ.

ಮಷಿನ್ನಿನ ಮೇಲೆ ಮದುವೆ ಬಟ್ಟೆ ರಾಶಿ ಬಿದ್ದಿದೆ. ಇಷ್ಟಕ್ಕೆ ಮುಗಿಸುತ್ತೇನೆ.

ಟೈಲರಮ್ಮ


೨೦ ಜೂನ್

ಟೈಲರಮ್ಮನವರಿಗೆ,

ಫಲಿತಾಂಶ ಬಂದಿದೆ. ಸುತ್ತಿಬಳಸದೆ ಹೇಳುತ್ತೇನೆ. ನೀವು ಕಳಿಸಿದ್ದು ನಲವತ್ತು ವರ್ಷದ ಹಿಂದೆ ಮಾರುಕಟ್ಟೆಗೆ ಬಿಟ್ಟ ಒಂದು ತಳಿ. ದಪ್ಪ ಕಾಳು, ಬಿಳಿ ಹೂ, ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಎಂಬತ್ತೊಂದು ವರ್ಷದ ಹಿಂದೆ ಈ ಕಾಳು ಭೂಮಿಯ ಮೇಲೆ ಎಲ್ಲೂ ಇರಲಿಲ್ಲ. ಮೂರು ಬಾರಿ ಪರೀಕ್ಷಿಸಿದ್ದೇವೆ, ಅನುಮಾನಕ್ಕೆ ಎಡೆಯಿಲ್ಲ.

ನನ್ನ ಆರನೆಯ ಪ್ರಶ್ನೆಗೆ ನೀವು ಉತ್ತರ ಬರೆದಿಲ್ಲ.

ಮೇಲ್ವಿಚಾರಕ


೨ ಆಗಸ್ಟ್

ಟೈಲರಮ್ಮನವರಿಗೆ,

ಆರು ವಾರವಾಯಿತು, ನಿಮ್ಮಿಂದ ಒಂದು ಸಾಲೂ ಇಲ್ಲ. ಹಳೆಯ ಪತ್ರದ ಪ್ರತಿ ತೆಗೆದು ಓದಿದೆ. ಅದನ್ನು ಬರೆದವನ ಮೇಲೆ ನನಗೇ ಸಿಟ್ಟು ಬಂತು. ಎಂಬತ್ತಾರು ವರ್ಷದ ಹಿರಿಯರ ಬದುಕಿನ ವಿಷಯವನ್ನು ವಿದ್ಯುತ್ ಬಿಲ್ಲಿನ ಹಾಗೆ ಬರೆದಿದ್ದೇನೆ. ನಿಮ್ಮ ಅತ್ತೆ ಸುಳ್ಳು ಹೇಳಿದರೆಂದು ನಾನು ಹೇಳಿದಂತೆ ಕೇಳಿಸಿ ನೀವು ನೊಂದುಕೊಂಡಿರಬೇಕು. ನನ್ನ ಮಾತಿನ ಅರ್ಥ ಅದಲ್ಲ. ಕ್ಷಮಿಸಿ.

ಅವರಿಗೆ ಹೇಗೆ ಹೇಳಿದಿರಿ? ಅವರು ಏನೆಂದರು?

ಮೇಲ್ವಿಚಾರಕ


೧೯ ಆಗಸ್ಟ್

ಮೇಲ್ವಿಚಾರಕರಿಗೆ,

ನೀವು ನನ್ನ ಕ್ಷಮೆ ಕೇಳಬೇಡಿ, ನನಗೆ ಇನ್ನೂ ಕಷ್ಟವಾಗುತ್ತದೆ. ಅತ್ತೆಗೆ ಏನೂ ಹೇಳಿಲ್ಲ. ದಿನಾ ಅಂಚೆಯವನ ಸೈಕಲ್ ಸದ್ದಿಗೆ ತಲೆ ಎತ್ತಿ "ಬಂತಾ?" ಅನ್ನುತ್ತಾರೆ. "ಇನ್ನೂ ಇಲ್ಲ ಅತ್ತೆ" ಅನ್ನುತ್ತೇನೆ. ನಿಮ್ಮ ಎರಡು ಪತ್ರ ಮಷಿನ್ನಿನ ಖಾನೆಯಲ್ಲಿ ಬಾಬಿನ್ನುಗಳ ಕೆಳಗಿವೆ.

ಆರನೆಯ ಪ್ರಶ್ನೆಗೆ ಈಗ ಉತ್ತರ ಬರೆಯುತ್ತೇನೆ. ಮೂವತ್ತೊಂಬತ್ತು ವರ್ಷದಿಂದ ಇದನ್ನು ಯಾರಿಗೂ ಹೇಳಿಲ್ಲ, ನನ್ನ ಗಂಡನಿಗೂ ಹೇಳಿಲ್ಲ.

ಮದುವೆಯಾಗಿ ಮೂರು ತಿಂಗಳಾಗಿತ್ತು. ಅತ್ತೆ ಕಾಲು ಮುರಿದುಕೊಂಡು ಆಸ್ಪತ್ರೆ ಸೇರಿದರು. ಆಗ ತಾನೇ ಕಿತ್ತ ಕಾಳನ್ನು ಒಣಗಿಸಿ ತುಂಬಿಡು ಎಂದು ನನಗೆ ಒಪ್ಪಿಸಿದರು. ಮೂರು ದಿನ ಬಿಸಿಲಿಗೆ ಹಾಕಿದೆ. ಆಮೇಲೆ ಬಿಸಿ ಆರುವ ತನಕ ಕಾಯಬೇಕಿತ್ತು, ಕಾಯಲಿಲ್ಲ. ಬಿಸಿಬಿಸಿ ಕಾಳನ್ನೇ ತುಂಬಿ ಮುಚ್ಚಳ ಬಿಗಿದೆ. ಒಳಗೇ ಬೆವರಿತು. ಇಪ್ಪತ್ತು ದಿನ ಬಿಟ್ಟು ತೆಗೆದರೆ ಬೂಷ್ಟು ಹಿಡಿದು ಡಬ್ಬಿ ಪೂರ್ತಿ ಹಾಳು. ಮಾರನೆಯ ದಿನ ಅತ್ತೆ ಮನೆಗೆ ಬರುವವರಿದ್ದರು. ಅಂಗಡಿಗೆ ಓಡಿದೆ. ಹೊಸದಾಗಿ ಬಂದಿದ್ದ ಕಾಳೊಂದು ಹೆಚ್ಚುಕಡಿಮೆ ಹಾಗೇ ಇತ್ತು, ಕಂದು ಬಣ್ಣ, ಕೆಂಪು ಗೀರು. ಹಳೆಯ ಕಾಳಿನ ಮೊಳಕೆಯೊಡೆಯುವ ಕಣ್ಣಿನ ಸುತ್ತ ಕೂದಲೆಳೆಯಷ್ಟು ಕಪ್ಪು ಉಂಗುರವಿತ್ತು, ಇದಕ್ಕೆ ಇರಲಿಲ್ಲ. ಯಾರು ನೋಡುತ್ತಾರೆ ಎಂದು ಅದನ್ನೇ ತಂದು ತುಂಬಿದೆ.

ಅತ್ತೆಯ ಊರಿನ ಗುರುತು ಅಂತ ಇದ್ದದ್ದು ಅದೊಂದೇ. ಅದನ್ನು ಕೊಳೆಸಿದವಳು ನಾನು. ಆದರೂ ಯಾಕೆ ನಿಮಗೆ ಕಳಿಸಿದೆ ಅಂದರೆ, ಹಳೆಯದರಲ್ಲಿ ಒಂದೆರಡಾದರೂ ಬದುಕಿ ಬೆರೆತಿರಬಹುದು ಎಂಬ ಆಸೆ.

ಒಂದು ಉಪಕಾರ ಮಾಡಿ. "ಪರೀಕ್ಷೆಯಲ್ಲಿ ಏನೂ ಗೊತ್ತಾಗಲಿಲ್ಲ" ಎಂದು ಎರಡು ಸಾಲು ಬರೆದು ಕಳಿಸಿ. ಅದನ್ನು ಅತ್ತೆಗೆ ಓದುತ್ತೇನೆ.

ಟೈಲರಮ್ಮ


೩೦ ಆಗಸ್ಟ್

ಅಕ್ಕಾ,

ಹೀಗೆ ಕರೆಯಬಹುದೆಂದುಕೊಂಡಿದ್ದೇನೆ.

ನೀವು ಕೇಳಿದ ಎರಡು ಸಾಲು ನನ್ನಿಂದಾಗದು. ಈ ಕಾಗದದ ಮೇಲೆ ಗೊತ್ತಿರುವುದನ್ನು ಗೊತ್ತಿಲ್ಲವೆಂದು ಒಂದು ಸಲ ಬರೆದರೆ ಈ ಕೋಣೆಯ ಯಾವ ಚೀಟಿಗೂ ಬೆಲೆ ಉಳಿಯುವುದಿಲ್ಲ.

ಆದರೆ ನಿಮ್ಮ ಮೊದಲ ಪತ್ರವನ್ನು ಮತ್ತೆ ಓದಿದೆ. "ಬಚ್ಚಲ ಹಿಂದಿನ ಬಳ್ಳಿಯದನ್ನೇ ಕಳಿಸಬೇಕೆಂದು ಅತ್ತೆಯ ಹಟ." ಫೆಬ್ರವರಿಯಲ್ಲಿ ಇದನ್ನು ಓದಿ ನಕ್ಕು ಮುಂದೆ ಹೋಗಿದ್ದೆ. ಸಣ್ಣ ಕಾಳು, ಸುಕ್ಕು ಕಾಳು ಎಂದು ನೀವು ಪಕ್ಕಕ್ಕಿಟ್ಟಿರಿ. ಅವರಿಗೆ ಆ ಬಳ್ಳಿಯ ಮೇಲೆ ಯಾಕೆ ಅಷ್ಟು ಹಟ? ಎಲ್ಲ ಒಂದೇ ಡಬ್ಬಿಯ ಬೀಜವಾಗಿದ್ದರೆ ಹಟಕ್ಕೆ ಕಾರಣವೇನು? ಹೋಗಿ ಅದರ ಹೂ ನೋಡಿ. ಕಾಳಿನ ಕಣ್ಣು ನೋಡಿ.

ಆಮೇಲೆ ಅತ್ತೆಗೆ ನಡೆದದ್ದನ್ನು ಹೇಳಿ. ನನಗಾಗಿಯಾದರೂ ಹೇಳಿ. ನಿಮ್ಮ ಮೊದಲ ಪತ್ರದ ಇನ್ನೊಂದು ಮಾತು ಆರು ತಿಂಗಳಿಂದ ನನ್ನ ತಲೆ ಕೊರೆಯುತ್ತಿದೆ. ಅದೇನೆಂದು ಈಗ ಹೇಳಲಾರೆ. ಹಿಂದೆ ಒಬ್ಬ ಮುದುಕರಿಗೆ ಅವಸರಪಟ್ಟು ಆಸೆ ಹುಟ್ಟಿಸಿ, ಆಮೇಲೆ ತಪ್ಪಾಯಿತೆಂದು ಬರೆದಿದ್ದೆ. ಅವರ ಉತ್ತರ ಬರಲೇ ಇಲ್ಲ.

ಮೇಲ್ವಿಚಾರಕ


೧೪ ಸೆಪ್ಟೆಂಬರ್

ತಮ್ಮಾ,

ನೀನು ಅಕ್ಕ ಅಂದ ಮೇಲೆ ನಾನು ಬಹುವಚನ ಎಳೆದಾಡುವುದಿಲ್ಲ.

ಬಚ್ಚಲ ಹಿಂದೆ ಹೋದೆ. ಅದು ಗೋಡೆಯ ಆಚೆ ಮಗ್ಗುಲು, ನಾನು ಕಾಲಿಡದ ಜಾಗ. ನೇರಳೆ ಹೂ! ತುದಿ ಕಡು ನೇರಳೆ, ಒಳಗೆ ತಿಳಿ. ಕೆಳಗಿನ ಒಣಗಿದ ಕಾಯಿ ಒಂದನ್ನು ಬಿಡಿಸಿದೆ. ಕಣ್ಣಿನ ಸುತ್ತ ಕಪ್ಪು ಉಂಗುರ. ಇನ್ನೊಂದು ಬಿಡಿಸಿದೆ, ಅದಕ್ಕೂ ಉಂಗುರ.

ಅತ್ತೆ ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದರು. ಹೋಗಿ ಕಾಲ ಹತ್ತಿರ ಕೂತು ಎಲ್ಲ ಹೇಳಿದೆ. ಬಿಸಿ ಕಾಳು, ಬೂಷ್ಟು, ಅಂಗಡಿ, ನಿನ್ನ ಪತ್ರಗಳು. ಅವರು ಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ.

"ಗೊತ್ತು ಕಣೇ" ಅಂದರು.

"ಯಾವಾಗಿಂದ?"

"ಆಸ್ಪತ್ರೆಯಿಂದ ಬಂದ ದಿನ ಡಬ್ಬಿಗೆ ಕೈ ಹಾಕಿದ್ನಲ್ಲ, ಆಗಿಂದ. ಐದು ವರ್ಷದವಳಿದ್ದಾಗಿಂದ ಮುಟ್ಟಿರೋ ಕಾಳು, ನನ್ನ ಕೈಗೆ ಗೊತ್ತಾಗಲ್ವಾ?"

"ಮತ್ತೆ ಯಾಕೆ ಒಂದು ಮಾತೂ ಅನ್ನಲಿಲ್ಲ?"

"ಬಾಗಿಲ ಹಿಂದೆ ನಿಂತು ನಡುಗ್ತಾ ಇದ್ದೆ ನೀನು. ಗೊತ್ತಿಲ್ಲದ ಮನೇಲಿ ಒಬ್ಬಳೇ ನಿಂತ ಹುಡುಗಿಗೆ ಹೆಂಗಿರತ್ತೆ ಅಂತ ನನಗಿಂತ ಯಾರಿಗೆ ಗೊತ್ತು? ನೀನೇ ಹೇಳ್ತೀಯ ಅಂತ ಕಾದೆ. ಸ್ವಲ್ಪ ತಡ ಮಾಡ್ದೆ, ಅಷ್ಟೇ."

ಆಮೇಲೆ ಪೆಟ್ಟಿಗೆಯಿಂದ ಆ ಲಂಗ ತರಿಸಿದರು. ಅಂಚಿನ ಮೇಲೆ ನನ್ನ ಬೆರಳು ಇಟ್ಟು ಎಳೆದರು. ಗಂಟು, ಗಂಟು, ಗಂಟು. ತಮ್ಮಾ, ಹತ್ತೊಂಬತ್ತು! ತಾನು ಬಂದ ಹಾಗೆಯೇ ಕಾಳೂ ಇರಲಿ ಎಂದು ಪ್ರತಿ ವರ್ಷ ಹೊಸ ಕಾಳು ತೆಗೆದು ಅಂಚಿಗೆ ಹೊಲಿಯುತ್ತಿದ್ದರಂತೆ. ನಾನು ಡಬ್ಬಿ ಕೊಳೆಸಿದ ವರ್ಷ ಉಳಿದದ್ದು ಅವೇ. ಅವನ್ನು ಬಚ್ಚಲ ಹಿಂದೆ, ಅಂಗಡಿಯ ಕಾಳಿನಿಂದ ದೂರವಾಗಿ ಬಿತ್ತಿ ತಳಿ ಉಳಿಸಿಕೊಂಡರು. ಗೋಡೆಯ ಈಚೆ ನನ್ನ ಮರ್ಯಾದೆ ಬೆಳೆಯಿತು, ಆಚೆ ಅವರ ಊರು. ಮೂವತ್ತೊಂಬತ್ತು ವರ್ಷ ಎರಡಕ್ಕೂ ನೀರು ಹಾಕಿದ್ದಾರೆ.

ನಾನೊಬ್ಬ ಟೈಲರ್, ಆ ಅಂಚನ್ನು ಒಂದು ಸಲವೂ ಮುಟ್ಟಿ ನೋಡಿರಲಿಲ್ಲ. ಕೈಹೊಲಿಗೆ ಗಟ್ಟಿಯಿಲ್ಲದೆ ವರ್ಷಾ ಬಿಚ್ಚಿಹೋಗುತ್ತದೆ ಎಂದುಕೊಂಡಿದ್ದೆ.

ಚಿಕ್ಕ ಕತ್ತರಿಯಿಂದ ನಾನೇ ಬಿಚ್ಚಿದೆ. ಹತ್ತೊಂಬತ್ತನ್ನೂ ಕಳಿಸುತ್ತಿದ್ದೇನೆ. ಇನ್ನೂ ಹಾಕಲೇ ಎಂದರೆ "ಬೇಡ, ಅಷ್ಟೇ" ಅಂದರು. ಎಡಗಣ್ಣು ಹೋಗಿದೆ. ಬಲಗಣ್ಣಿಗೆ ಬೆಳಕು ನೆರಳು ಮಾತ್ರ.

ಅಕ್ಕ


೨೮ ಡಿಸೆಂಬರ್

ಅಕ್ಕಾ,

ಮೂರು ದಿನದಿಂದ ಬರೆಯಲು ಕೂತು ಏಳುತ್ತಿದ್ದೇನೆ. ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಇದನ್ನು ಓದಿ. ಈ ಸಲ ಅರ್ಧ ಬಿಡಬೇಡಿ.

ನನಗಿಂತ ಮೂರು ತಲೆಮಾರು ಹಿಂದೆ ಈ ಭಂಡಾರದಲ್ಲಿ ಒಬ್ಬರಿದ್ದರು. ಬೆನ್ನಿಗೊಂದು ಚೀಲ ಹಾಕಿ ಕಣಿವೆ ಕಣಿವೆ ನಡೆದು ಬೀಜ ಕೂಡಿಸುತ್ತಿದ್ದರು. ಎಪ್ಪತ್ತೊಂಬತ್ತು ವರ್ಷದ ಹಿಂದೆ ಅವರು ತಂದ ಒಂದು ಪೊಟ್ಟಣ ನಮ್ಮಲ್ಲಿದೆ. ಆಗಾಗ ಬಿತ್ತಿ ಹೊಸದು ಮಾಡಿಕೊಂಡು ಬಂದಿದ್ದೇವೆ. ಕೆಲಸಕ್ಕೆ ಸೇರಿದ ವರ್ಷವೇ ಅದರ ಚೀಟಿ ಓದಿದ್ದೆ. ಎಲ್ಲ ಪೊಟ್ಟಣದ ಮೇಲೂ ಹಿಡಿ, ಸೇರು ಎಂದಿದ್ದರೆ ಅದರ ಮೇಲೆ ಮಾತ್ರ "ಹತ್ತೊಂಬತ್ತು ಕಾಳು" ಎಂದಿತ್ತು. ನಿಮ್ಮ ಮೊದಲ ಪತ್ರದಲ್ಲಿ ಅದೇ ಸಂಖ್ಯೆ ಕಂಡಾಗ ಎದ್ದು ಹೋಗಿ ಆ ಚೀಟಿ ತೆಗೆದು ಮತ್ತೆ ಓದಿದೆ. ಜೂನ್‌ನಲ್ಲಿ ಅಂಗಡಿಯ ಕಾಳು ಎಂದು ಬಂದಾಗ ನಿಮಗಿಂತ ಹೆಚ್ಚು ಪೆಟ್ಟು ಬಿದ್ದದ್ದು ನನಗೆ. ಆ ಪತ್ರ ಅಷ್ಟು ಒರಟಾದದ್ದು ಅದಕ್ಕೇ.

ಸೆಪ್ಟೆಂಬರಿನಲ್ಲಿ ಪೊಟ್ಟಣದ ಕಾಳನ್ನೂ ಲಂಗದ ಕಾಳನ್ನೂ ಅಕ್ಕಪಕ್ಕದ ಕುಂಡಗಳಲ್ಲಿ ಬಿತ್ತಿದೆ. ಒಂದೇ ಬೆಳಿಗ್ಗೆ ಮೊಳೆತವು. ಒಂದೇ ವಾರದಲ್ಲಿ ಹೂ ಬಿಟ್ಟವು. ಕಡು ನೇರಳೆ ತುದಿ, ತಿಳಿ ಒಳಗು. ಎಂಬತ್ತೊಂದು ವರ್ಷ ಒಂದನ್ನೊಂದು ಕಾಣದೆ ಬೆಳೆದ ಬಳ್ಳಿಗಳು! ಯಾವ ಕುಂಡ ಯಾವುದೆಂದು ನನಗೇ ಗೊತ್ತಾಗದೆ ಚೀಟಿ ತಿರುಗಿಸಿ ನೋಡಬೇಕಾಯಿತು. ಪ್ರಯೋಗಾಲಯದವರೂ ಒಂದೇ ಅಂದರು. ನಮ್ಮಲ್ಲಿರುವ ಬೇರಾವ ತಳಿಯೂ ಅದರ ಹತ್ತಿರಕ್ಕೂ ಬರುವುದಿಲ್ಲ.

ಈಗ ಚೀಟಿಯ ಹಿಂಬದಿ. ಅಕ್ಷರ ಬಿಡದೆ ನಕಲು ಮಾಡಿದ್ದೇನೆ.

"ಕೊಟ್ಟವರು ಮನೆಯೊಡತಿ, ವಯಸ್ಸು ಸುಮಾರು ಮೂವತ್ತು. ಇನ್ನಷ್ಟು ಕೇಳಿದೆ, ಒಪ್ಪಲಿಲ್ಲ. ತೊರೆಯಿಂದ ನನ್ನ ಬಾಗಿಲಿಗೆ ಹತ್ತೊಂಬತ್ತು ಮೆಟ್ಟಿಲು, ಕಾಳೂ ಅಷ್ಟೇ ಎಂದಳು. ಎರಡು ವರ್ಷದ ಹಿಂದೆ ಮಗಳನ್ನು ನೆರೆಯವರ ಜೊತೆ ರೈಲಿಗೆ ಹತ್ತಿಸಿದಾಗ ಫ್ರಾಕಿನ ಅಂಚಿನಲ್ಲಿ ಅಷ್ಟನ್ನೇ ಹೊಲಿದಳಂತೆ. ಮಗುವಿಗೆ ಓದಲು ಬಾರದು, ಎಣಿಸಲು ಬರುತ್ತದೆ. ನೆರೆಯವರು ವಾಪಸು ಬಂದರು, ಮಗು ಬರಲಿಲ್ಲ. ಊರೂರು ಸುತ್ತುವವರು ನೀವು, ಎಲ್ಲಾದರೂ ಕಂಡರೆ ಅಮ್ಮ ಮನೆಯಲ್ಲೇ ಇದ್ದಾಳೆ ಎಂದು ಹೇಳಿ ಎಂದಳು. ಹೇಳುತ್ತೇನೆ ಎಂದೆ."

ಅವರು ತೀರಿಕೊಂಡು ಬಹಳ ವರ್ಷವಾಯಿತು. ಅವರ ಪರವಾಗಿ, ತಡವಾಗಿ, ನಾನು ಹೇಳುತ್ತಿದ್ದೇನೆ.

ಕಣಿವೆಯ ದಾರಿ ಇನ್ನೊಂದು ಹಾಳೆಯಲ್ಲಿ ಬರೆದಿದ್ದೇನೆ. ರೈಲಿನಲ್ಲಿ ಒಂದು ದಿನ, ಬಸ್ಸಿನಲ್ಲಿ ಅರ್ಧ ದಿನ. ಕಾಯಿಯಾದ ಕಾಳಿನಿಂದ ಹತ್ತೊಂಬತ್ತನ್ನು ಎಣಿಸಿ ವಾಪಸು ಇಟ್ಟಿದ್ದೇನೆ.

ತಮ್ಮ


೬ ಏಪ್ರಿಲ್

ತಮ್ಮಾ,

ನಿನ್ನ ಪತ್ರವನ್ನು ಒಂದಕ್ಷರ ಬಿಡದೆ ಅತ್ತೆಗೆ ಓದಿದೆ. ಆಮೇಲೆ ಅವರು ಕೇಳಿದ್ದು ಒಂದೇ ಮಾತು: "ರೈಲು ಎಷ್ಟು ಗಂಟೆಗೆ?" ಚಳಿ ಕಳೆಯಲಿ ಎಂದು ನಾವು ಮೂರು ತಿಂಗಳು ತಡೆದೆವು. ಅಷ್ಟರಲ್ಲಿ ಬಲಗಣ್ಣೂ ಹೋಯಿತು.

ಕಳೆದ ವಾರ ಹೋಗಿಬಂದೆವು. ಆ ಕಣಿವೆಯಲ್ಲಿ ಹನ್ನೊಂದು ಮನೆ. ಬಸ್ಸಿಳಿದರೆ ತೊರೆಯ ಸದ್ದು. ತೊರೆಯಿಂದ ಮೇಲೇರುವ ಮೆಟ್ಟಿಲ ಬುಡಕ್ಕೆ ಬಂದಾಗ ಅತ್ತೆ ನನ್ನ ಕೈ ಬಿಡಿಸಿಕೊಂಡರು. ಕಾಲಲ್ಲಿ ತಡವಿ ಮೊದಲ ಕಲ್ಲು ಹುಡುಕಿ "ಒಂದು" ಅಂದರು. ನಾನು ಹಿಂದೆ ಕೈ ಚಾಚಿಕೊಂಡೇ ಹತ್ತಿದೆ. ಎಲ್ಲೂ ಎಡವಲಿಲ್ಲ ತಮ್ಮಾ. ಎಂಟನೆಯದು ಎತ್ತರ, ಹದಿಮೂರನೆಯದು ಅರ್ಧ ಮುರಿದಿತ್ತು. ಹದಿಮೂರಕ್ಕೆ ಬಲಕ್ಕೆ ಸರಿದರು. ಯಾರು ಹೇಳಿದರು ಅವರಿಗೆ?

"ಹತ್ತೊಂಬತ್ತು" ಅಂದು ನಿಂತರು. ಮುಂದಕ್ಕೆ ಕೈ ಹೋಯಿತು, ಎದೆಯ ಎತ್ತರಕ್ಕಲ್ಲ, ಬಗ್ಗಿ ಮೊಣಕಾಲಿನ ಎತ್ತರಕ್ಕೆ. ಅಲ್ಲಿ ಬಾಗಿಲ ಚೌಕಟ್ಟಿನ ಕಲ್ಲಿತ್ತು. ಐದು ವರ್ಷದ ಮಗು ಹಿಡಿದುಕೊಳ್ಳುವ ಎತ್ತರದಲ್ಲಿ ಅದನ್ನು ಹಿಡಿದುಕೊಂಡರು.

ಮನೆಗೆ ಸೂರಿಲ್ಲ, ಗೋಡೆಗಳಿವೆ. ಪಕ್ಕದ ಮನೆಯ ಹೆಂಗಸು ಬಂದು ಯಾರು ಎಂದಳು. ಹೇಳಿದೆ. ಅವಳು ಒಳಗೆ ಓಡಿ ಒಂದು ಬಟ್ಟೆಗಂಟು ತಂದಳು. "ಈ ಮನೆಯಜ್ಜಿ ಸಾಯೋವಾಗ ನಮ್ಮತ್ತೆಗೆ ಹೇಳಿದ್ರಂತೆ, ವರ್ಷಾ ಮೆಟ್ಟಿಲ ಬುಡದಲ್ಲಿ ಹತ್ತೊಂಬತ್ತು ಕಾಳು ಹಾಕಿ, ತಿನ್ನಬೇಡಿ, ಅದು ಬೇರೆಯವರದ್ದು ಅಂತ. ಯಾರದ್ದು ಅಂತ ಗೊತ್ತಿರ್ಲಿಲ್ಲ. ಹಾಕ್ತಾ ಬಂದ್ವಿ" ಅಂದಳು. ಗಂಟನ್ನು ಅತ್ತೆಯ ಮಡಿಲಿಗೆ ಹಾಕಿದಳು. ಅತ್ತೆ ಒಂದು ಕಾಳನ್ನು ಬೆರಳಲ್ಲಿ ಹೊರಳಿಸಿ ನೋಡಿ ಮಗುವಿನ ಹಾಗೆ ಜೋರಾಗಿ ಅತ್ತರು. ನನಗೂ ಅಳು ಬಂತು, ಆ ಹೆಂಗಸೂ ಅತ್ತಳು. ನೀನು ಕಳಿಸಿದ ಹತ್ತೊಂಬತ್ತನ್ನು ಅಲ್ಲೇ ಮೆಟ್ಟಿಲ ಬುಡದಲ್ಲಿ ಬಿತ್ತಿ ಬಂದೆವು.

ನಿನ್ನೆ ಅತ್ತೆ ಪೆಟ್ಟಿಗೆ ತೆಗೆಸಿ ಆ ಲಂಗವನ್ನು ನನ್ನ ಮಷಿನ್ನಿನ ಮೇಲೆ ತಂದು ಇಟ್ಟರು. ಅಂಚು ನಾನು ಬಿಚ್ಚಿದ್ದ ಹಾಗೆಯೇ ಜೋಲುತ್ತಿತ್ತು. ಹತ್ತೊಂಬತ್ತು ಎಣಿಸಿ ಕೊಡಲೇ ಎಂದು ಡಬ್ಬಿಗೆ ಕೈ ಹಾಕಿದೆ.

"ಕಾಳು ಬೇಡ. ಈ ಸಲ ನೀನೇ ಹೊಲಿ, ಮಷಿನ್ನಲ್ಲೇ ಹಾಕು" ಅಂದರು.

ಹೊಲಿದೆ. ಮೂವತ್ತೊಂಬತ್ತು ವರ್ಷ ಕಾದಿದ್ದ ಹೊಲಿಗೆ, ಕಣ್ಣಲ್ಲಿ ನೀರು ತುಂಬಿ ಸೊಟ್ಟಗಾಯಿತು. ಅತ್ತೆ ಅಂಚಿನುದ್ದಕ್ಕೂ ಬೆರಳು ಎಳೆದು ನೋಡಿ, ಚೆನ್ನಾಗಿದೆ ಅಂದರು.

ಅಕ್ಕ